ಹೆಸರು ಹೇಳದೆ ಹೋದ ಕುವೆಂಪುನಗರದ ಅಣ್ಣನಿಗೆ

ಪಿಸಿ ಗೇಮನ್ನು ಹಾಲ್‌ನ ಟಿವಿಗೆ ತರಲು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಸಾಕೆಂದು ತೋರಿಸಿಕೊಟ್ಟಿರಿ, ಅಣ್ಣ. ಮೈಸೂರಿನ ನಮ್ಮ ಬಳಗದ ಪರವಾಗಿ ತುಂಬು ಹೃದಯದ ಧನ್ಯವಾದ.

ಪಿಸಿಯಲ್ಲಿ ಗೇಮಿನ ಚಿತ್ರ ಕಳಿಸುವ ಸನ್‌ಶೈನ್ ತಂತ್ರಾಂಶ, ಪೈನಲ್ಲಿ ಅದನ್ನು ಪಡೆದು ತೋರಿಸುವ ಮೂನ್‌ಲೈಟ್; ಪೈ ತೋರಿಸುವ ನಾಲ್ಕಂಕಿಯ ಪಿನ್ನನ್ನು ಪಿಸಿ ಬ್ರೌಸರಿನಲ್ಲಿ 47990 ಪೋರ್ಟಿನಲ್ಲಿ ತೆರೆಯುವ ಸನ್‌ಶೈನ್ ಪುಟಕ್ಕೆ ಹಾಕಿದರೆ ಜೋಡಣೆ ಮುಗಿಯಿತು. ಅದು ಸುಲಭದ ಭಾಗ. ಚಿತ್ರ ತಡವರಿಸಲು ಕಾರಣ ಪೈ ಅಲ್ಲ, ವೈಫೈ ಎಂದು ಬಿಡಿಸಿ ಹೇಳಿದ್ದೇ ನಿಮ್ಮ ದೊಡ್ಡ ಉಪಕಾರ. ಇಲ್ಲಿನ ಹಳೇ ಮನೆಗಳ ದಪ್ಪ ಗೋಡೆಗೆ ಸಿಗ್ನಲ್ ಸೊರಗುತ್ತದೆ, ಚಿತ್ರ ಹೊತ್ತ ಡೇಟಾ ತುಣುಕುಗಳು (ಪ್ಯಾಕೆಟ್) ಕಳೆದುಹೋಗುತ್ತವೆ. ರೂಟರಿನಿಂದ ಪಿಸಿಗೊಂದು, ಪೈಗೊಂದು ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆದರೆ 1080ಪಿ ಚಿತ್ರ ಸೆಕೆಂಡಿಗೆ 60 ಫ್ರೇಮಿನಂತೆ, 20 ಎಂಬಿಪಿಎಸ್ ವೇಗದಲ್ಲಿ ಸಲೀಸಾಗಿ ಓಡುತ್ತದೆ. ಪೈ 5 ಇರುವವರು ವಿಡಿಯೊ ಕುಗ್ಗಿಸಿ ಕಳಿಸುವ ವಿಧಾನಗಳಲ್ಲಿ (ಕೋಡೆಕ್) ಎಚ್.265 ಆರಿಸುವುದೇ ಸರಿ: ಎಚ್.264 ವಿಡಿಯೊವನ್ನು ಬಿಡಿಸುವ (ಡಿಕೋಡ್) ಹಾರ್ಡ್‌ವೇರ್ ಅದರಲ್ಲಿಲ್ಲ, ಅದನ್ನು ಆರಿಸಿದರೆ ಭಾರವೆಲ್ಲ ಸಿಪಿಯು ಮೇಲೆ ಬೀಳುತ್ತದೆ.

ಪೈ 4ಕ್ಕೆ ಸಿಕ್ಕಿದ ಮೊಬೈಲ್ ಚಾರ್ಜರ್ ಬೇಡ, 5 ವೋಲ್ಟ್ 3 ಆಂಪಿಯರ್ ಅಡಾಪ್ಟರೇ ಇರಲಿ. ವೋಲ್ಟೇಜ್ ಕುಸಿದರೆ ಪೈ ವೇಗ ಇಳಿಸಿಕೊಳ್ಳುತ್ತದೆ. ಟಿವಿಯಲ್ಲಿ ಗೇಮ್ ಮೋಡ್ ಆನ್ ಮಾಡುವುದನ್ನು ಹೆಚ್ಚಿನವರು ಮರೆಯುತ್ತಾರೆ. ಅದಿಲ್ಲದಿದ್ದರೆ ಉಳಿದದ್ದೆಲ್ಲ ಸರಿಯಿದ್ದರೂ ಬಟನ್ ಒತ್ತಿದ್ದು ಪರದೆಗೆ ತಡವಾಗಿಯೇ ಬರುತ್ತದೆ.

ಸರಸ್ವತಿಪುರಂ ಕಡೆ ಬಂದಾಗ ಕಾಫಿ ಕುಡಿಯದೆ ಹೋಗಬೇಡಿ, ಅಣ್ಣ.