ಮೊಸರಿನ ಡಬ್ಬ ಎಸೆಯಬೇಡ

ಪುಟ್ಟೀ,

"ಇಲ್ಲಿ ನಾಲ್ಕೂವರೆಗೇ ಕತ್ತಲಾಗುತ್ತೆ ಅತ್ತೆ, ಪಾಪು ಕಿಟಕಿ ಹತ್ತಿರ ನಿಂತು ಅಳುತ್ತೆ" ಅಂತ ನೀನು ಮೊನ್ನೆ ಹೇಳಿದ್ದು ಮನಸ್ಸಿನಲ್ಲೇ ಕೂತಿದೆ. ಅಮೆರಿಕದ ಅದೇ ಮಿನಿಯಾಪೊಲಿಸ್‌ ಊರಿನಲ್ಲಿ ಹನ್ನೊಂದು ಚಳಿಗಾಲ ಕಳೆದವಳು ನಾನು, ಆ ಸಂಜೆಗಳು ಎಷ್ಟು ಉದ್ದ ಅಂತ ಗೊತ್ತು. ಅಲಂಕಾರದ ಸಾಮಾನು ಅಂಗಡಿಯಿಂದ ತರಬೇಡ. ಪಾಪು ಕೈಗೆ ಏನಾದರೂ ಕೆಲಸ ಕೊಡು, ನಿನ್ನ ಕೈಗೂ.

ಮೊದಲು ಕಾಗದದ ಹಿಮದ ಹೂವು ಮಾಡಿ. ಚೌಕದ ಹಾಳೆಯನ್ನು ಮೂಲೆಯಿಂದ ಮೂಲೆಗೆ ಮಡಿಸಿದರೆ ತ್ರಿಕೋನ ಬರುತ್ತೆ ಅಲ್ವಾ, ಅದರ ಉದ್ದದ ಬದಿಯ ನಡುವೆ ಬೆರಳಿಟ್ಟು, ಅಲ್ಲಿಂದ ಮೂರು ಸಮ ಮಡಿಕೆ ಮಾಡಿ, ಮತ್ತೆ ಅರ್ಧ ಮಡಿಸಿ ಕತ್ತರಿಸು. ಆರು ಎಸಳು ಬರುತ್ತೆ. ಎಂಟು ಎಸಳಿನದು ಸುಲಭ, ಆದರೆ ಅದನ್ನು ಮಾಡಬೇಡ. ನೀರು ಹೆಪ್ಪುಗಟ್ಟುವಾಗ ಅದರ ಕಣಗಳು ಆರು ಮೂಲೆಯಾಗಿ ಜೋಡಿಸಿಕೊಳ್ಳುತ್ತವೆ, ಅದಕ್ಕೇ ನಿಜವಾದ ಹಿಮಕ್ಕೆ ಆರೇ ತೋಳು. ವರ್ಮಾಂಟಿನ ವಿಲ್ಸನ್ ಬೆಂಟ್ಲಿ ಅನ್ನೋ ರೈತರು 1885ರಿಂದ ಶುರುಮಾಡಿ ಇಂಥ ಹರಳುಗಳ 5000ಕ್ಕೂ ಜಾಸ್ತಿ ಫೋಟೋ ತೆಗೆದರು, ಅವನ್ನು ಪಾಪುಗೆ ತೋರಿಸು. ನಡುವೆ 7 ಚುಕ್ಕಿ ಇಟ್ಟು ಎರಡೂ ಕಡೆ 4ಕ್ಕೆ ಇಳಿಸೋ ನಮ್ಮ ಸಂದು ಚುಕ್ಕಿ ರಂಗೋಲಿಯೂ ಆರು ಮೂಲೆಯದೇ. ನಿನ್ನಜ್ಜಿ ಹಾಕುತ್ತಿದ್ದ ಎಳೆಗಳನ್ನು ನೆನಪು ಮಾಡಿಕೊಂಡು ಕತ್ತರಿಸು.

ಕಿತ್ತಳೆ ಬಿಲ್ಲೆ ಒಣಗಿಸೋದು ಇನ್ನೂ ಸುಲಭ. ತೆಳ್ಳಗೆ ಕೊಯ್ದು, ಬಟ್ಟೆಯಲ್ಲಿ ಒತ್ತಿ, ಓವನ್ನಿನಲ್ಲಿ 200 ಡಿಗ್ರಿ ಫ್ಯಾರನ್‌ಹೀಟ್‌ಗೆ ಮೂರು ನಾಲ್ಕು ಗಂಟೆ ಇಡು, ಆಗಾಗ ತಿರುವಿ ಹಾಕು. ದಾರದಲ್ಲಿ ಪೋಣಿಸಿ ಕಿಟಕಿಗೆ ಕಟ್ಟಿದರೆ ಬೆಳಿಗ್ಗೆಯ ಬಿಸಿಲು ಅದರೊಳಗಿಂದ ಹಾದು ಬರುತ್ತೆ. ಮನೆಯೆಲ್ಲ ಘಮ್ಮಂತಿರುತ್ತೆ.

ನನಗೆ ಎಲ್ಲಕ್ಕಿಂತ ಇಷ್ಟ ಮಂಜುಗಡ್ಡೆಯ ದೀಪ. ಮೊದಲ ವರ್ಷ ನಾನು ಗಾಜಿನ ಜಾಡಿಯಲ್ಲಿ ನೀರು ತುಂಬಿ ಹೊರಗಿಟ್ಟೆ, ಬೆಳಿಗ್ಗೆ ನೋಡಿದರೆ ಜಾಡಿ ಒಡೆದು ಚೂರಾಗಿತ್ತು. ನೀರು ಗಡ್ಡೆಯಾದಾಗ ಸುಮಾರು 9% ಹಿಗ್ಗುತ್ತೆ. ಗಾಜು ಖಂಡಿತ ಬೇಡ, ಪಾಪು ಓಡಾಡೋ ಮನೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನಾಲ್ಕು ಬೆರಳು ನೀರು ಹಾಕಿ ಮೊದಲು ಗಟ್ಟಿ ಮಾಡು. ಅದರ ಮೇಲೆ ಮೊಸರಿನ ಖಾಲಿ ಡಬ್ಬ ಇಟ್ಟು, ಅದು ತೇಲದಂತೆ ಒಳಗೆ ಕಲ್ಲು ತುಂಬು. ಸುತ್ತಲಿನ ಸಂದಿಗೆ ಪೈನ್ ಎಲೆ, ಕ್ರ್ಯಾನ್‌ಬೆರಿ, ಬೇಕಾದರೆ ಎರಡು ಕಿತ್ತಳೆ ಬಿಲ್ಲೆ ಸಿಕ್ಕಿಸಿ, ನೀರು ಹೊಯ್ದು ರಾತ್ರಿ ಹೊರಗಿಡು. ಪೂರ್ತಿ ಗಟ್ಟಿಯಾಗಿಲ್ಲ ಅಂದ್ರೆ ಇನ್ನೂ ಅರ್ಧ ದಿನ ಬಿಡು. ಆಮೇಲೆ ಕಲ್ಲು ತೆಗೆದು ಡಬ್ಬದೊಳಗೆ ಉಗುರುಬೆಚ್ಚಗಿನ ನೀರು ಹಾಕಿದರೆ ಡಬ್ಬ ಸಡಿಲವಾಗುತ್ತೆ. ಕುದಿಯೋ ನೀರು ಬೇಡ, ಗಡ್ಡೆ ಸೀಳಿ ಹೋಗುತ್ತೆ. ಒಳಗೆ ಬ್ಯಾಟರಿಯ ಪುಟ್ಟ ದೀಪ ಸಾಕು.

ಆ ಊರಿನ ಹೆಪ್ಪುಗಟ್ಟಿದ ಕೆರೆಯ ಮೇಲೆ ಇಂಥ ದೀಪಗಳನ್ನು ಸಾಲಾಗಿ ಇಡುತ್ತಾರೆ, ಲೇಕ್ ಆಫ್ ದಿ ಐಲ್ಸ್‌ನಲ್ಲಿ, ಲ್ಯೂಮಿನರಿ ಲಾಪೆಟ್ ಅನ್ನೋ ಚಳಿಗಾಲದ ಹಬ್ಬಕ್ಕೆ. ಪಾಪುನ ಬೆಚ್ಚಗೆ ಸುತ್ತಿಕೊಂಡು ಒಮ್ಮೆ ಹೋಗಿ ಬಾ. ನಿಮ್ಮನೆಯ ದೀಪವನ್ನು ಮಾತ್ರ ಬಾಗಿಲ ಮುಂದೆ, ನಮ್ಮಲ್ಲಿ ರಂಗೋಲಿ ಹಾಕೋ ಜಾಗದಲ್ಲೇ ಇಡು.

ಈ ಶನಿವಾರವೇ ಬಕೆಟ್ ಹೊರಗಿಟ್ಟು, ದೀಪ ಹಚ್ಚಿದ ಮೇಲೆ ಫೋಟೋ ಕಳಿಸು. ಪಾಪು ಕೈಗವಸು ಒದ್ದೆಯಾದ್ರೆ ತಕ್ಷಣ ಬದಲಾಯಿಸು.

ನಿನ್ನ ಅತ್ತೆ