ಹಂಚಿನ ಮೇಲೆ ಎಸೆದ ಆ ಹಲ್ಲು

ತಿಪಟೂರು
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ನೀನು ಕಳಿಸಿದ ಫೋಟೋ ನೋಡಿದೆವು. ಚಿನ್ನಿ ಬಾಯಿ ಅಗಲಿಸಿಕೊಂಡು, ಕೆಳಗಿನ ಮುಂದಿನ ಹಲ್ಲನ್ನು ನಾಲಿಗೆಯಲ್ಲಿ ತಳ್ಳುತ್ತಾ ನಿಂತಿದ್ದಾಳೆ. ನಿಮ್ಮಪ್ಪ ಅದನ್ನು ದೊಡ್ಡದು ಮಾಡಿ ಮಾಡಿ ನೋಡಿ, "ಥೇಟ್ ಪುಟ್ಟಿ ಬಾಯೇ" ಅಂದರು. ಅದರ ಕೆಳಗೆ ನೀನು ಬರೆದಿದ್ದು ಅವರ ಕಣ್ಣಿಗೆ ಬೀಳಲಿಲ್ಲ, ನನಗೆ ಬಿತ್ತು. "ದವಡೆ ಹಲ್ಲಲ್ಲಿ ಕಪ್ಪು ಚುಕ್ಕೆ ಇದೆ, ತುಂಬಿಸಬೇಕು ಅಂತಾರೆ ಡಾಕ್ಟರು. ಹೇಗೂ ಬೀಳೋ ಹಲ್ಲು ತಾನೇ ಅಮ್ಮ, ಬಿಡಲಾ?"

'ಹೇಗೂ ಬೀಳೋ ಹಲ್ಲು' ಅನ್ನುವ ಮಾತು ನೀನು ನನ್ನಿಂದಲೇ ಕಲಿತದ್ದು. ಅದಕ್ಕೇ ಫೋನ್ ಮಾಡದೆ ಕಾಗದ ಬರೆಯಲು ಕೂತೆ. ಫೋನಿನಲ್ಲಾದರೆ ನೀನು "ಆಯ್ತಮ್ಮ, ಮೀಟಿಂಗ್ ಇದೆ" ಅಂತ ಇಟ್ಟುಬಿಡುತ್ತೀಯ, ನನಗೂ ಹೇಳಬೇಕಾದ್ದನ್ನು ನುಂಗಿಕೊಳ್ಳಲು ನೆಪ ಸಿಕ್ಕಿಬಿಡುತ್ತದೆ. ಇಷ್ಟು ವರ್ಷ ನುಂಗಿಕೊಂಡೇ ಬಂದಿದ್ದೇನೆ.

1999ರ ಮಾತು. ನಿನಗೆ ಒಂಬತ್ತು ವರ್ಷ. ಸ್ಕೂಲು ಬಿಟ್ಟವಳು ನೇರ ಅಂಗಡಿಗೆ ಹೋಗಿ ಗಲ್ಲಾದ ಪಕ್ಕ ಕೂರುತ್ತಿದ್ದೆ. ಕೂತ ತಕ್ಷಣ ಡಬ್ಬಕ್ಕೆ ಕೈ. ಪೆಪ್ಪರ್‌ಮೆಂಟು ಕಡಿದು ತಿನ್ನುವ ಅಭ್ಯಾಸ ನಿನಗಿರಲಿಲ್ಲ. ಬಲಗೆನ್ನೆಯಲ್ಲಿ ಇಟ್ಟುಕೊಂಡು ಕರಗುವವರೆಗೂ ಲೆಕ್ಕ ಮಾಡುತ್ತಿದ್ದೆ, ಅದು ಮುಗಿದರೆ ಇನ್ನೊಂದು. ಬಂದ ಗಿರಾಕಿಗಳೆಲ್ಲ "ಏನ್ ಪುಟ್ಟಿ, ಕೆನ್ನೆಗೆ ಬಾವು ಬಂದಿದೆಯಾ" ಅಂತ ರೇಗಿಸುತ್ತಿದ್ದರು. ಕೊನೆಗೆ ನಿಜವಾಗಿಯೂ ಬಾವೇ ಬಂತು. ಮೂರು ರಾತ್ರಿ ನೀನು ಮಲಗಲಿಲ್ಲ. ಲವಂಗದೆಣ್ಣೆಯ ಹತ್ತಿ ಇಟ್ಟೆ. ಅಜ್ಜಿ ಗುಳ್ಳದ ಬೀಜದ ಹೊಗೆ ಹಾಕಿಸಿದರೆ ಹುಳ ಉದುರುತ್ತೆ ಅಂದರು, ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಆಮೇಲೆ ಪೇಟೆಗೆ ಕರೆದುಕೊಂಡು ಹೋದೆ. ತುಂಬ ಹಾಳಾಗಿದೆ, ಕೀಳಬೇಕು ಅಂದರು. ಕೀಳಿ ಅಂದೆ. ಯಾವ ಹಲ್ಲು ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೀಳೋ ಹಲ್ಲು, ಸ್ವಲ್ಪ ಮುಂಚೆ ಹೋಯಿತು ಅಷ್ಟೇ ಅಂದುಕೊಂಡೆ.

ಆ ಹಲ್ಲನ್ನು ನೀನು ಕಾಗದದಲ್ಲಿ ಸುತ್ತಿಕೊಂಡು ಬಂದೆ. ಅಜ್ಜಿ ಸಗಣಿ ಉಂಡೆ ಮಾಡಿ, ಗರಿಕೆ ಸಿಕ್ಕಿಸಿ ಕೊಟ್ಟರು. ಹಿತ್ತಲಲ್ಲಿ ನಿಂತು ಹಂಚಿನ ಮೇಲೆ ಎಸೆದೆ. ಆಮೇಲೆ ದಿನವೂ ಬೆಳಿಗ್ಗೆ ಅಪ್ಪನ ಕ್ಷೌರದ ಕನ್ನಡಿ ಹಿಡಿದು ನೋಡುವುದು, "ಅಮ್ಮ, ಬಂತಾ?" ಅಂತ ಕೇಳುವುದು.

ಮೂರು ವರ್ಷ ಆದ ಮೇಲೆ ನಮ್ಮ ಸ್ಕೂಲಿಗೆ ದಂತ ತಪಾಸಣೆ ಶಿಬಿರ ಬಂತಲ್ಲ, ಅವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದವಳು ನಾನೇ. ನಿನ್ನ ಬಾಯಿಗೆ ಟಾರ್ಚ್ ಬಿಟ್ಟ ಹುಡುಗಿ ನನ್ನ ಕಡೆ ತಿರುಗಿ, "ಮೇಡಂ, ಈ ಮಗುವಿನ ಪರ್ಮನೆಂಟ್ ಹಲ್ಲು ಯಾವಾಗ ಕೀಳಿಸಿದ್ದು?" ಅಂದಳು. ನೀನು ಅಷ್ಟರಲ್ಲಿ ಎದ್ದು ಓಡಿದ್ದೆ.

ಮೂರನೇ ಕ್ಲಾಸಿಗೆ ಹಲ್ಲಿನ ಪಾಠ ಮಾಡುತ್ತಿದ್ದವಳು ನಾನು. ಹಾಲು ಹಲ್ಲು 20, ಶಾಶ್ವತ ಹಲ್ಲು 32 ಅಂತ ಬೋರ್ಡಿನ ಮೇಲೆ ವರ್ಷ ವರ್ಷ ಬರೆದಿದ್ದೇನೆ. 32ರಲ್ಲಿ 20 ಕಳೆದರೆ ಉಳಿಯುವ 12 ಎಲ್ಲಿಂದ ಬರುತ್ತವೆ ಅಂತ ಒಂದು ದಿನವೂ ಯೋಚಿಸಲಿಲ್ಲ. ಆ 12 ಯಾವ ಹಾಲು ಹಲ್ಲಿನ ಜಾಗಕ್ಕೂ ಬರುವುದಲ್ಲ ಪುಟ್ಟಿ. ಹಾಲು ಹಲ್ಲುಗಳ ಸಾಲು ಮುಗಿದ ಮೇಲೆ, ಹಿಂದೆ, ಖಾಲಿ ವಸಡಿನಲ್ಲಿ ಹುಟ್ಟುತ್ತವೆ. ಮೂಲೆಗೆ ಮೂರರಂತೆ. ಮೊದಲಿನದು ಆರನೇ ವರ್ಷದ ಆಸುಪಾಸಿನಲ್ಲಿ, ಎರಡನೆಯದು ಹನ್ನೆರಡಕ್ಕೆ, ಮೂರನೆಯ ಬುದ್ಧಿಹಲ್ಲು ಹದಿನೇಳು ಹದಿನೆಂಟು ದಾಟಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆರನೇ ವರ್ಷದ್ದು ಬರುವಾಗ ಯಾವ ಹಲ್ಲೂ ಬೀಳುವುದಿಲ್ಲ. ಹೆಚ್ಚಿನ ಮಕ್ಕಳಿಗೆ ನೋವೂ ಆಗುವುದಿಲ್ಲ, ಹಾಗಾಗಿ ಮಗು ಹೇಳುವುದೂ ಇಲ್ಲ. ಮುಂದಿನ ಹಲ್ಲು ಬಿತ್ತು ಅಂತ ಮನೆಯವರೆಲ್ಲ ಮುಂದೆಯೇ ನೋಡುತ್ತಿರುವಾಗ ಹಿಂದೆ ಸದ್ದಿಲ್ಲದೆ ಬಂದು ಕೂತುಬಿಡುತ್ತದೆ. ಬಾಯಿ ತುಂಬ ಹಾಲು ಹಲ್ಲೇ ಇರುವಾಗ ಇದನ್ನೂ ಹಾಲು ಹಲ್ಲು ಅಂತಲೇ ಎಣಿಸುತ್ತೇವೆ. ನಿನ್ನದು ಅದೇ ಹಲ್ಲು. ಬಂದು ಮೂರೇ ವರ್ಷವಾಗಿತ್ತು, ಜೀವಮಾನಕ್ಕೆ ಇರಬೇಕಾದದ್ದು.

ಅವತ್ತು ಮನೆಗೆ ಬಂದು ನಿನಗೆ ಏನು ಹೇಳಿದೆ ಗೊತ್ತಾ? "ಕೆಲವರಿಗೆ ತಡವಾಗಿ ಬರುತ್ತಂತೆ." ನೀನು ನಂಬಿದೆ. 2016ರಲ್ಲಿ ಆ ಜಾಗಕ್ಕೆ ಇಂಪ್ಲಾಂಟ್, ಅಂದರೆ ದವಡೆ ಮೂಳೆಗೆ ಕೂರಿಸುವ ಕೃತಕ ಹಲ್ಲು, ಹಾಕಿಸಲು ಹೋದಾಗ ಹಿಂದಿನ ಹಲ್ಲು ಖಾಲಿ ಜಾಗಕ್ಕೆ ವಾಲಿತ್ತು, ಮೇಲಿನದು ಕೆಳಗೆ ಇಳಿದಿತ್ತು. ಮೊದಲು ಅವನ್ನು ಸರಿ ಮಾಡಲು ಎಂಟು ತಿಂಗಳು ತಂತಿ ಹಾಕಿಸಿಕೊಂಡು ಓಡಾಡಿದೆ. ಡಾಕ್ಟರ ಹತ್ತಿರ ನೀನು "ನನಗೆ ಆ ಹಲ್ಲು ಹುಟ್ಟಲೇ ಇಲ್ಲ ಸಾರ್" ಅಂದೆ. ಪಕ್ಕದಲ್ಲಿ ಕೂತಿದ್ದೆ ನಾನು. ಸುಮ್ಮನಿದ್ದೆ. ಈಗಲೂ ನೀನು ಎಡಗಡೆಯೇ ಅಗಿಯುತ್ತೀಯ, ನೋಡಿದ್ದೇನೆ.

ಹಳೆ ಹಂಚು ಇಳಿಸಿ ಮೋಲ್ಡ್ ಹಾಕಿಸಿದಾಗ ಕೆಲಸದವರ ಹಿಂದೆ ಹಿಂದೆ ಓಡಾಡಿ ಆ ಹಲ್ಲು ಹುಡುಕಿದೆ ಅಂದರೆ ನಗಬೇಡ.

ಇರಲಿ, ಚಿನ್ನಿ ವಿಷಯಕ್ಕೆ ಬರುತ್ತೇನೆ. ಕಪ್ಪು ಚುಕ್ಕೆ ಇರುವುದು ಹಾಲು ದವಡೆ ಹಲ್ಲಿಗೇ ಇರಬಹುದು. ಆದರೂ ತುಂಬಿಸು. ದವಡೆಯ ಹಾಲು ಹಲ್ಲು ಬೀಳುವುದು ಹತ್ತು, ಹನ್ನೆರಡನೇ ವರ್ಷಕ್ಕೆ. ಇನ್ನೂ ನಾಲ್ಕೈದು ವರ್ಷ ಅವಳು ಅದರಲ್ಲೇ ಮುದ್ದೆ ಬಿಟ್ಟು ಉಳಿದದ್ದೆಲ್ಲ ಅಗಿಯಬೇಕು. ಅಷ್ಟೇ ಅಲ್ಲ, ಅದು ಕೆಳಗೆ ಬೆಳೆಯುತ್ತಿರುವ ಹಲ್ಲಿಗೆ ಜಾಗ ಹಿಡಿದುಕೊಂಡು ಕೂತಿರುತ್ತದೆ, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಮುಂಚೆಯೇ ಕಿತ್ತರೆ ಪಕ್ಕದವು ಒತ್ತರಿಸಿಕೊಂಡು ಬರುತ್ತವೆ, ಹೊಸದು ಸೊಟ್ಟಗೆ ಹುಟ್ಟುತ್ತದೆ. ಬೇರಿನ ತನಕ ಕೀವಾದರೆ ಕೆಳಗಿನ ಎಳೆ ಹಲ್ಲಿಗೂ ಪೆಟ್ಟು.

ಇನ್ನು ಆ ಆರನೇ ವರ್ಷದ ಹಲ್ಲು. ದಸರೆಗೆ ಅವಳಿಗೆ ಆರು ತುಂಬುತ್ತದೆ. ಇವತ್ತೇ ಟಾರ್ಚ್ ಹಿಡಿದು, ಕಟ್ಟಕಡೆಯ ಹಲ್ಲಿನ ಹಿಂದೆ ವಸಡನ್ನು ನೋಡು. ಬಿಳಿ ತುದಿ ಕಂಡರೆ ಅದೇ. ಪೂರ್ತಿ ಮೇಲೆ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟು ದಿನವೂ ಅಕ್ಕಪಕ್ಕಕ್ಕಿಂತ ತಗ್ಗಿನಲ್ಲಿರುತ್ತದೆ, ಬ್ರಷ್ ಮೇಲಿಂದ ಹಾದುಹೋಗಿಬಿಡುತ್ತದೆ. ಮೇಲೆಲ್ಲ ಆಳವಾದ ಗೀರುಗಳು, ಅನ್ನದಗುಳು ಅಲ್ಲೇ ಕೂರುತ್ತದೆ. ಬ್ರಷ್ಷನ್ನು ಕೆನ್ನೆಯ ಕಡೆಯಿಂದ ಅಡ್ಡ ಹಿಡಿದು ಆ ಒಂದು ಹಲ್ಲನ್ನೇ ಬೇರೆಯಾಗಿ ಉಜ್ಜಬೇಕು. ಅದು ಅವಳ ಕೈಯಲ್ಲಿ ಆಗುವ ಕೆಲಸವಲ್ಲ. ಏಳೆಂಟು ವರ್ಷದ ತನಕ ನೀನೋ ಅಳಿಯಂದಿರೋ ಉಜ್ಜಿಸಬೇಕು. 'ತಾನೇ ಉಜ್ಜಿಕೊಳ್ಳುತ್ತಾಳೆ, ಜಾಣೆ' ಅಂತ ನಾನು ನಿನ್ನನ್ನು ನಾಲ್ಕನೇ ವರ್ಷಕ್ಕೇ ಬಿಟ್ಟಿದ್ದೆ, ನೆಂಟರ ಮುಂದೆ ಹೊಗಳಿಕೊಂಡೂ ಇದ್ದೆ. ಹಲ್ಲು ಮೇಲೆ ಬಂದ ಮೇಲೆ ಡಾಕ್ಟರ ಹತ್ತಿರ ಸೀಲೆಂಟ್ ಬಗ್ಗೆ ಕೇಳು. ಗೀರುಗಳ ಮೇಲೆ ತೆಳುವಾಗಿ ಲೇಪ ಹಚ್ಚಿ ಮುಚ್ಚುತ್ತಾರೆ. ಕೊರೆಯುವುದಿಲ್ಲ, ಸೂಜಿ ಇಲ್ಲ.

ಸಿಹಿ ತಿನ್ನಬೇಡ ಅಂತ ಅವಳಿಗೆ ಹೇಳಬೇಡ, ಅಂಗಡಿಯವರ ಮೊಮ್ಮಗಳು, ಕೇಳುವುದಿಲ್ಲ. ಎಷ್ಟು ತಿಂದಳು ಅನ್ನುವುದಕ್ಕಿಂತ ಎಷ್ಟು ಸಲ, ಎಷ್ಟು ಹೊತ್ತು ಅನ್ನುವುದು ಮುಖ್ಯ. ಬಾಯಲ್ಲಿ ಇರುವ ಬ್ಯಾಕ್ಟೀರಿಯಾ ಸಕ್ಕರೆ ಸಿಕ್ಕ ಕೂಡಲೇ ಅದನ್ನು ಹುಳಿ ಮಾಡುತ್ತವೆ, ಆ ಹುಳಿ ಹಲ್ಲಿನ ಮೇಲ್ಪದರವನ್ನು ಕರಗಿಸುತ್ತದೆ. ಎಂಜಲು ಆ ಹುಳಿಯನ್ನು ತೊಳೆದು ಬಾಯಿ ಸರಿಹೋಗಲು ಸುಮಾರು ಅರ್ಧ ಗಂಟೆ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಊಟದ ಜೊತೆ ಎರಡು ಹೋಳಿಗೆ ತಿಂದರೆ ಒಂದೇ ಸಲದ ಹುಳಿ. ಪೆಪ್ಪರ್‌ಮೆಂಟು ಬಲಗೆನ್ನೆಯಲ್ಲಿಟ್ಟುಕೊಂಡು ಸಂಜೆಯೆಲ್ಲ ಕೂತರೆ ಎಂಜಲಿಗೆ ಕೆಲಸ ಮಾಡಲು ಬಿಡುವೇ ಇಲ್ಲ. ಸ್ಕೂಲ್ ವ್ಯಾನಿನಲ್ಲಿ ಬಿಸ್ಕತ್ತು, ಬಂದ ಮೇಲೆ ಚಿಪ್ಸ್, ಟೀವಿ ಮುಂದೆ ಗುಟುಕು ಗುಟುಕಾಗಿ ಜ್ಯೂಸು, ಇವೂ ಅದೇ ಜಾತಿ. ಬೆಲ್ಲವಾದರೆ ಪರವಾಗಿಲ್ಲ ಅಂತ ನಿಮ್ಮತ್ತೆ ಹೇಳುತ್ತಾರೆ, ಅವರ ಮುಂದೆ ವಾದಿಸಬೇಡ. ಆದರೆ ಬ್ಯಾಕ್ಟೀರಿಯಾಕ್ಕೆ ಬೆಲ್ಲ ಸಕ್ಕರೆ ಎರಡೂ ಒಂದೇ.

ರಾತ್ರಿ ಉಜ್ಜುವುದನ್ನು ತಪ್ಪಿಸಬೇಡ. ನಿದ್ದೆಯಲ್ಲಿ ಎಂಜಲು ಊರುವುದು ಕಡಿಮೆ. ಉಜ್ಜಿದ ಮೇಲೆ ಹಾಲು ಕುಡಿಸಿದರೆ ಉಜ್ಜಿದ್ದು ದಂಡ.

ಪೇಸ್ಟಿನ ವಿಷಯದಲ್ಲಿ ನನ್ನದೇ ಒಂದು ಕತೆ ಇದೆ. ನನ್ನ ಹಲ್ಲು ನೋಡಿದ್ದೀಯಲ್ಲ, ಕಂದು ಪಟ್ಟಿ ಪಟ್ಟಿ. ನಿಮ್ಮಪ್ಪ ನೋಡಲು ಬಂದ ದಿನ ಸೆರಗು ಅಡ್ಡ ಹಿಡಿದೇ ನಕ್ಕಿದ್ದೆ. ನಾಚಿಕೆ ಅಂದುಕೊಂಡರು ಪಾಪ. ಪಾವಗಡದ ಕಡೆ ನಮ್ಮ ಓರಗೆಯವರಲ್ಲಿ ಎಷ್ಟೋ ಜನರ ಬಾಯಿ ಹೀಗೇ. ಬೋರ್‌ವೆಲ್ ನೀರಿನ ಫ್ಲೋರೈಡು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ನಮ್ಮ ದೇಶದ ಲೆಕ್ಕ. ನಮ್ಮ ಕಡೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಅದನ್ನು ಮೀರಿದ್ದು. ಹಲ್ಲು ವಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಅಂಥ ನೀರು ಕುಡಿದರೆ ಕಲೆ ಹಲ್ಲಿನ ಜೊತೆಗೇ ಹುಟ್ಟಿಬರುತ್ತದೆ, ಎಷ್ಟು ಉಜ್ಜಿದರೂ ಹೋಗದು. ಆ ಹೆದರಿಕೆಗೆ ನಾನು ಫ್ಲೋರೈಡ್ ಅಂತ ಬರೆದ ಪೇಸ್ಟನ್ನು ಮನೆಗೇ ಸೇರಿಸಲಿಲ್ಲ. ನಿನಗೆ ಇದ್ದಿಲು ಉಪ್ಪು, ಅಂಗಡಿಯ ಹಲ್ಲುಪುಡಿ.

ಆಮೇಲೆ ಓದಿ ತಿಳಿದೆ. ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಊರಿನವರಿಗೂ ನನ್ನಂಥದೇ ಹಲ್ಲು. 1901ರಲ್ಲಿ ಅಲ್ಲಿಗೆ ಬಂದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು ಕಾರಣ ಹುಡುಕಿಕೊಂಡು ಹೊರಟರು. ನೀರಿನ ಫ್ಲೋರೈಡೇ ಕಾರಣ ಅಂತ ಗೊತ್ತಾಗುವಾಗ 1931. ಆದರೆ ಆ ಕಂದು ಹಲ್ಲುಗಳಿಗೆ ಹುಳುಕು ಹಿಡಿಯುವುದು ಕಡಿಮೆ ಅನ್ನುವುದನ್ನೂ ಅವರೇ ಗಮನಿಸಿದ್ದರು. ನನ್ನ ಬಾಯಲ್ಲೂ ಇವತ್ತಿನವರೆಗೆ ಒಂದೂ ಹುಳುಕಿಲ್ಲ. ಹೆಚ್ಚಾಗಿ ಹೊಟ್ಟೆಗೆ ಹೋದರೆ ಕಲೆ, ಹಿತಮಿತವಾಗಿ ಹಲ್ಲಿಗೆ ತಾಗಿದರೆ ಕಾವಲು. ನಿಮ್ಮ ಫ್ಲಾಟಿಗೆ ಬರುವುದು ಕಾವೇರಿ ನೀರು, ಪಾವಗಡದ ಬೋರ್‌ವೆಲ್ ಅಲ್ಲ. ಫ್ಲೋರೈಡ್ ಪೇಸ್ಟೇ ತಾ. ಜಾಹೀರಾತಿನಲ್ಲಿ ತೋರಿಸುವ ಹಾಗೆ ಬ್ರಷ್ ತುಂಬ ಬಳಿಯಬೇಡ, ಬಟಾಣಿ ಕಾಳಿನಷ್ಟು ಸಾಕು. ನುಂಗದೆ ಉಗುಳುವುದನ್ನು ಕಲಿಸು. ಉಗುಳಿದ ಮೇಲೆ ನೀರು ಹಾಕಿ ಗಳಗಳ ಮುಕ್ಕಳಿಸಿದರೆ ಹಚ್ಚಿದ ಔಷಧಿಯನ್ನೇ ತೊಳೆದುಕೊಂಡ ಹಾಗೆ. ನನಗೇ ಈ ಅಭ್ಯಾಸ ಇನ್ನೂ ಬಂದಿಲ್ಲ.

ನಿನ್ನ ಬಾಯಿಯ ಕಡೆಯೂ ಗಮನ ಇರಲಿ. ಉಜ್ಜಿದಾಗ ವಸಡಿನಲ್ಲಿ ರಕ್ತ ಬರುತ್ತೆ ಅಂತ ಆ ಕಡೆ ಉಜ್ಜುವುದನ್ನೇ ಬಿಟ್ಟಿದ್ದೇನೆ ಅಂದಿದ್ದೆಯಲ್ಲ, ಅದು ಉಲ್ಟಾ. ಪಾಚಿ ಕಟ್ಟಿದ್ದಕ್ಕೇ ರಕ್ತ ಬರುವುದು. ಕ್ಲೀನ್ ಮಾಡಿಸಿಕೋ, ಮೆದು ಬ್ರಷ್ಷಿನಲ್ಲಿ ಅಲ್ಲೇ ಉಜ್ಜು.

ಇದನ್ನೆಲ್ಲ ಓದಿ ನೀನು ಬೈಯುತ್ತೀಯೋ, ಎರಡು ದಿನ ಮಾತು ಬಿಡುತ್ತೀಯೋ ಗೊತ್ತಿಲ್ಲ. ಬೈದರೂ ಸರಿಯೇ. ಕಾಗದ ಓದಿ ಮುಗಿಸಿದ ಮೇಲೆ ಮೊದಲು ಡಾಕ್ಟರಿಗೆ ಫೋನ್ ಮಾಡು, ಆಮೇಲೆ ನನಗೆ.

ಚಿನ್ನಿಯ ಆ ಅಲ್ಲಾಡುವ ಹಲ್ಲು ಬಿದ್ದರೆ ಬೆಂಕಿಪೊಟ್ಟಣದಲ್ಲಿ ಎತ್ತಿಡು. ಹನ್ನೊಂದನೇ ಮಹಡಿಯಲ್ಲಿ ನೀನು ಸಗಣಿ ಎಲ್ಲಿ ತರುತ್ತೀಯ, ಹಂಚು ಎಲ್ಲಿ ಹುಡುಕುತ್ತೀಯ. ನಮ್ಮ ಕೊಟ್ಟಿಗೆಗೆ ಇನ್ನೂ ಹಂಚೇ ಇದೆ. ದಸರೆಗೆ ಬಂದಾಗ ಎಸೆಸೋಣ.

ಇಂತಿ,
ಅಮ್ಮ