ಗುಂಡಿ ಕಿತ್ತ ಅಂಗಿ

ಪುಟ್ಟಿ,

ನಿನ್ನೆ ಮಾತಿನ ಮಧ್ಯೆ ಫೋನ್ ಇಟ್ಟುಬಿಟ್ಟೆ. ತಪ್ಪಾಯ್ತು. ಪ್ಲಾಂಟ್ ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಕೆಲಸ ಪೂರ್ತಿ ನಿನ್ನ ಕೈಗೆ ಕೊಟ್ಟಿದ್ದಾರೆ ಅಂದಾಗ ಎದೆ ಉಬ್ಬಿತ್ತು. ಆಮೇಲೆ "ಆಕ್ಸಿಜನ್ ಮೀಟರ್ ಸಿಗಲಿಲ್ಲ, ಎರಡೇ ನಿಮಿಷ ಟ್ಯಾಂಕ್ ಒಳಗೆ ಇಳಿದು ನೋಡಿ ಬಂದೆ" ಅಂದೆಯಲ್ಲ, ಅಲ್ಲಿಂದಾಚೆ ನನಗೇನೂ ಕೇಳಿಸಲಿಲ್ಲ.

ನಿನ್ನ ಸೈಕಲ್ಲಿಗೆ ಬೆಲ್ ಹಾಕಿಕೊಟ್ಟ ಮಾಮ. ಕೆಲಸದಲ್ಲಿ ಬಿದ್ದು ಹೋದ ಅಂತಷ್ಟೇ ನಿನಗೆ ಹೇಳಿದ್ದೆ. ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದ ಖಾಲಿ ಕಬ್ಬಿಣದ ಟ್ಯಾಂಕ್ ಅದು. ವಾಸನೆ ಇಲ್ಲ, ಹೊಗೆ ಇಲ್ಲ. ಗೋಡೆಗೆಲ್ಲ ತುಕ್ಕು, ಅಷ್ಟೇ. ತುಕ್ಕು ಹಿಡಿಯುತ್ತಾ ಹಿಡಿಯುತ್ತಾ ಒಳಗಿನ ಆಕ್ಸಿಜನ್ನನ್ನೂ ತಿಂದುಹಾಕುತ್ತೆ ಅಂತ ನಮಗೆಲ್ಲಿ ಹೊಳೆಯಬೇಕು? ಅವನ ಕೈಯಿಂದ ಸ್ಪ್ಯಾನರ್ ಜಾರಿತು. ಮ್ಯಾನ್‌ಹೋಲಿನಿಂದ ಇಣುಕಿದರೆ ಕಾಣುತ್ತಿತ್ತು, ಪಾದ ಮುಳುಗದಷ್ಟು ನೀರಿನಲ್ಲಿ. ತರೋಕೆ ಇಳಿದ. ಬಗ್ಗಿದ. ಹಾಗೇ ಕೂತ. ಕೂಗಲಿಲ್ಲ, ಕೆಮ್ಮಲೂ ಇಲ್ಲ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ.

ಉಸಿರು ಕಟ್ಟಿದ ಹಾಗೆ ಅನ್ನಿಸೋದು ಮೈಯಲ್ಲಿ ಕಾರ್ಬನ್ ಡೈಆಕ್ಸೈಡ್ ಸೇರಿಕೊಂಡಾಗ. ಬರೀ ನೈಟ್ರೋಜನ್ ಎಳೆದುಕೊಂಡರೂ ಆ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತಲೇ ಇರುತ್ತೆ. ಹಾಗಾಗಿ ಏನೋ ಎಡವಟ್ಟಾಗಿದೆ ಅಂತ ಗೊತ್ತೇ ಆಗುವುದಿಲ್ಲ. ಆಕ್ಸಿಜನ್ ಪೂರ್ತಿ ಇಲ್ಲದ ಕಡೆ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪುತ್ತೆ. ನಿನ್ನ ಎರಡು ನಿಮಿಷ ಅದರ ಮುಂದೆ ಬಹಳ ಜಾಸ್ತಿ ಆಯ್ತು, ಅಲ್ವಾ?

ಪಾಠ ಮಾಡಬಾರದು ಅಂತಲೇ ಬರೆಯೋಕೆ ಕೂತೆ. ಆದರೂ ಕೇಳು. ಹೊರಗಿನ ಗಾಳಿಯಲ್ಲಿ ಮೀಟರ್ ಆಕ್ಸಿಜನ್ 20.9 ಪರ್ಸೆಂಟ್ ತೋರಿಸಬೇಕು. ಒಳಗೆ 19.5ಕ್ಕಿಂತ ಕೆಳಗಿದ್ದರೆ ಯಾರನ್ನೂ ಇಳಿಸಬೇಡ. ನಳಿಕೆ ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ, ಮೂರೂ ಕಡೆ ನೋಡು. ನೈಟ್ರೋಜನ್ ಪೈಪ್ ಮುಚ್ಚೋಕೆ ಅಡ್ಡಲಾಗಿ ಬ್ಲೈಂಡ್ ತಟ್ಟೆ ಹಾಕಿದ್ದನ್ನು ಕಣ್ಣಾರೆ ಕಾಣದೆ ಒಳಗಿಳಿಯುವ ಪರ್ಮಿಟ್‌ಗೆ ಸಹಿ ಹಾಕಬೇಡ. ಬ್ಲೋವರ್ ನಿಲ್ಲಿಸಬೇಡ. ಫಿಲ್ಟರ್ ಮಾಸ್ಕ್ ನಂಬಬೇಡ, ಇಲ್ಲದ ಆಕ್ಸಿಜನ್ನನ್ನು ಅದು ಎಲ್ಲಿಂದ ತರುತ್ತೆ?

ಅವತ್ತು ನಾನೂ ಇಳಿಯುತ್ತಿದ್ದೆ. ಇದನ್ನು ನಿನಗೆ ಹೇಳಿಯೇ ಇಲ್ಲ. ಒಂದು ಕಾಲು ಆಗಲೇ ಮ್ಯಾನ್‌ಹೋಲ್ ಒಳಗಿತ್ತು. ಹೆಲ್ಪರ್ ಹುಡುಗ ಹಿಂದಿನಿಂದ ಕಾಲರ್ ಹಿಡಿದು ಎಳೆದ. ಎರಡು ಗುಂಡಿ ಕಿತ್ತು ಒಳಗೆ ಬಿದ್ದವು. ಅವನ ಕೆನ್ನೆಗೆ ಹೊಡೆದೆ. ಆದರೂ ಬಿಡಲಿಲ್ಲ. ಇಂಥ ಜಾಗಗಳಲ್ಲಿ ಸತ್ತವರಲ್ಲಿ 60 ಪರ್ಸೆಂಟಿಗೂ ಜಾಸ್ತಿ ಕಾಪಾಡೋಕೆ ಹೋದವರೇ ಅಂತ ಕೆಲಸಗಾರರ ಸುರಕ್ಷತೆ ನೋಡುವ ಅಮೆರಿಕದ ನಿಯಾಶ್ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತಂತೆ. ನಾನು ಓದಿದ್ದು ಎಷ್ಟೋ ವರ್ಷದ ಮೇಲೆ.

ಅದಕ್ಕೇ ಹೇಳುತ್ತಿದ್ದೇನೆ. ಒಳಗೆ ಬಿದ್ದವರು ಯಾರೇ ಆಗಿರಲಿ, ಹಿಂದೆಯೇ ಇಳಿಯಬೇಡ. ಇಳಿಯುವವರಿಗೆ ಮೊದಲೇ ಬೆಲ್ಟು, ಹಗ್ಗ ಇರಲಿ, ಮೇಲಕ್ಕೆ ಎಳೆಯೋಕೆ ಮೂರು ಕಾಲಿನ ಟ್ರೈಪಾಡ್ ಇರಲಿ, ಹೊರಗೊಬ್ಬರು ನಿಂತಿರಲಿ. ಎಳೆಯುವುದಿದ್ದರೆ ಹೊರಗಿನಿಂದಲೇ. ಕಲ್ಲು ಮನಸ್ಸಿನವರ ಮಾತು ಅನ್ನಿಸುತ್ತೆ ನಿನಗೆ. ಕೆಲವು ರಾತ್ರಿ ನನಗೂ ಅನ್ನಿಸುತ್ತೆ.

ಆ ಹುಡುಗನ ಹತ್ತಿರ ಕ್ಷಮೆ ಕೇಳಲಿಲ್ಲ. ಅವನು ಈಗ ಎಲ್ಲಿದ್ದಾನೋ. ಅಂಗಿಗೆ ಬೇರೆ ಗುಂಡಿ ಹೊಲಿದುಕೊಟ್ಟವಳು ನಿನ್ನಮ್ಮ. ಬಾಗಿಲ ಚಿಲಕಕ್ಕೆ ಸಿಕ್ಕಿಕೊಂಡಿತು ಅಂದಿದ್ದೆ. ನೀನೂ ಹೇಳಬೇಡ.

ಅಪ್ಪ